ಕುರಿಗಳ್ಳನ ವಂಶ

ಶಾಲ್ಮಲಾ ಮದುವೆಯಾಗಲಿದ್ದ ಆಸ್ಟ್ರೇಲಿಯಾದ ಹುಡುಗ ಇಯಾನ್ ಧಾರವಾಡಕ್ಕೆ ಬಂದಿದ್ದ. ತನ್ನ ಪೂರ್ವಜನೊಬ್ಬ ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಯಾಗಿ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿಳಿದದ್ದನ್ನು ತಾನೇ ಹುಡುಕಿ ತೆಗೆದೆನೆಂದು ಹೆಮ್ಮೆಯಿಂದ ಹೇಳಿದ. ಶಾಲ್ಮಲಾ ಅದನ್ನು ತಂದೆ ಗುಂಡೇರಾಯರಿಗೆ ಕನ್ನಡದಲ್ಲಿ ತಿಳಿಸಿದಳು.

"ಏನು ಕದ್ದಿದ್ನಂತ?"

"ಒಂದು ಕುರಿ, ಅಪ್ಪಾ. ಮನ್ಯಾಗ ಮಕ್ಕಳು ಉಪಾಸ ಇದ್ವಂತ."

ರಾಯರು ಇಯಾನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಂಥಾದ್ದು ಗೊತ್ತಾದ್ರ ಮಂದಿ ಮುಚ್ಚಿಡ್ತಾರ. ಇವ ಹುಡುಕಿಕೊಂಡು ಹೋಗ್ಯಾನ. ಈ ಕುರಿಗಳ್ಳನ ವಂಶಕ್ಕ ನಾ ಮಗಳನ್ನ ಕೊಡಬೇಕಾ?"

ರಾಯರು ಮಗಳ ಕಡೆ ತಿರುಗಿದರು.

"ನಮ್ಮ ಮುತ್ತಜ್ಜನ ಬಗ್ಗೆ ಹೇಳು ಅವಗ. ಇಂಗ್ಲಿಷರು ಕಚೇರಿಗೆ ಕರದು, ಶಾಲು ಹೊದಿಸಿ, ಇಡೀ ಊರು ಇನಾಮು ಕೊಟ್ಟಿದ್ರು ಅಂತ ಹೇಳು."

ಅವಳು ಹೇಳಿದಳು. ಇಯಾನ್ ಕುತೂಹಲದಿಂದ ಏನೋ ಕೇಳಿದ.

"ಏನಂತ?" ಎಂದರು ರಾಯರು.

"ಯಾತಕ್ಕ ಕೊಟ್ರು ಅಂತ ಕೇಳ್ತಾನ, ಅಪ್ಪಾ."

"ಅವಗ್ಯಾಕ ಬೇಕು ಅದು?"

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರಾಯರ ಅಕ್ಕ ಅಂಬಕ್ಕ ತಲೆ ಎತ್ತಿದಳು.

"ಹೇಳವಾ ಶಾಲ್ಮಲಾ. ಬಂಡಾಯ ಎದ್ದಿದ್ದ ಸ್ವಂತ ತಮ್ಮ ಎಲ್ಲಿ ಅಡಗ್ಯಾನ ಅಂತ ತೋರಿಸಿಕೊಟ್ಟಿದ್ದಕ್ಕ."