ಜೋಡಿ ಕಲ್ಲುಗಿಡ

ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ತಿಮ್ಮರಾಜು ಕುಂಡವನ್ನು ಎದೆಗೆ ಅವಚಿಕೊಂಡಿದ್ದ. ಹಿಂದಿನಿಂದ ನೂಕುತ್ತಿದ್ದವರಿಗೆ ಅದರಲ್ಲಿ ಕಂಡದ್ದು ಒಂದಿಷ್ಟು ಜಲ್ಲಿಪುಡಿ, ನಡುವೆ ಸೀಳಿದ ಒಂದು ಬೂದು ಕಲ್ಲು, ಆ ಸೀಳಿನಿಂದ ತಲೆಯೆತ್ತಿದ ಒಂದು ಮೊಗ್ಗು. ಅದು ಕಲ್ಲಲ್ಲ, ಗಿಡ. ಎಲ್ಲಿಯದೋ ಮರಳುಗಾಡಿನದು, ಪ್ರಾಣಿಗಳು ಬಾಯಿ ಹಾಕದಿರಲೆಂದು ಕಲ್ಲಿನ ಹಾಗೆ ಬಿದ್ದುಕೊಂಡು ಬದುಕುವಂಥದು. ನೀರು ಚೂರು ಹೆಚ್ಚಾದರೂ ಕೊಳೆತುಹೋಗುತ್ತದೆ. ಸೇಲಂನ ತನ್ನ ಬಾಡಿಗೆ ಕೋಣೆಯ ಮುಂದಿನ ತಾರಸಿಯಲ್ಲಿ, ಮಳೆ ಬಂದರೆ ಹಳೆಯ ಕಿಟಕಿ ಗಾಜು ಮುಚ್ಚಿ, ನೀರು ಹಾಕಬೇಕೆನ್ನಿಸಿದಾಗಲೆಲ್ಲ ಕೈ ಕಟ್ಟಿಕೊಂಡು ಕೂತು, ಅವನು ಅದನ್ನು ಉಳಿಸಿಕೊಂಡು ಬಂದಿದ್ದ.

ಕೊಂಡದ್ದು ಏರ್ಕಾಡಿನ ಹೂವಿನ ಪ್ರದರ್ಶನದಲ್ಲಿ. ಅಂಗಡಿಯಲ್ಲಿ ಉಳಿದಿದ್ದದ್ದು ಎರಡೇ ಕಲ್ಲುಗಿಡ. ಒಂದನ್ನು ಅವನು ತೆಗೆದುಕೊಂಡ; ಇನ್ನೊಂದನ್ನು ಎತ್ತಿಕೊಂಡ ಹೆಂಗಸು ಪಕ್ಕದಲ್ಲಿದ್ದ ಗಂಡನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ತಿರುಗಿ ನೋಡಿದ. ಅವಳೇ ಧರ್ಮಪುರಿಯ ಗೋವಿಂದಮ್ಮ. ಒಂದೇ ಗಿಡವಿದ್ದರೆ ಹೂವೇನೋ ಬಿಡುತ್ತದೆ, ಬೀಜ ಕಟ್ಟುವುದಿಲ್ಲ, ಒಂದರ ಹೂವಿನ ಪುಡಿ ಇನ್ನೊಂದರ ಹೂವಿಗೆ ಮುಟ್ಟಿಸಬೇಕು ಎಂದು ಅಂಗಡಿಯವನು ಹೇಳಿದಾಗ ಒಬ್ಬರ ಫೋನ್ ನಂಬರ್ ಇನ್ನೊಬ್ಬರು ಬರೆದುಕೊಂಡರು. ಅಲ್ಲಿಂದೀಚೆಗೆ ಪ್ರತಿ ವರ್ಷ ದೀಪಾವಳಿ ಕಳೆದು, ಮಳೆ ಬಿಡುವು ಕೊಟ್ಟ ದಿನ ಅವಳ ಫೋನ್ ಬರುತ್ತಿತ್ತು. "ನಮ್ದು ಮೊಗ್ಗು ಬಿಟ್ಟೈತೆ ಅಣ್ಣಾ. ನಿಮ್ದು?"

ಆ ಹೂವು ಉಳಿಯುವ ನಾಲ್ಕೈದು ದಿನವೂ ಅರಳುವುದು ಮಧ್ಯಾಹ್ನದ ಬಿಸಿಲಿಗೆ, ಮುಚ್ಚಿಕೊಳ್ಳುವುದು ಸಂಜೆಗೆ. ಅಷ್ಟು ಹೊತ್ತು ಅವನು ತನ್ನ ಕುಂಡದೊಂದಿಗೆ ಗೋವಿಂದಮ್ಮನ ಮನೆಯ ತಾರಸಿಯಲ್ಲಿ ಕೂತಿರುವುದು ರೂಢಿ. ಸಣ್ಣ ಕುಂಚದಿಂದ ಪುಡಿ ಮುಟ್ಟಿಸುವ ಕೆಲಸ ಗಳಿಗೆಯಲ್ಲಿ ಮುಗಿಯುತ್ತಿತ್ತು. ಉಳಿದದ್ದೆಲ್ಲ ಕಾಫಿ, ಮಾತು. ಅವನು ಕೆಲಸ ಮಾಡುವ ಬೆಳ್ಳಿ ಗೆಜ್ಜೆಯ ಪಟ್ಟರೆಯಲ್ಲಿ, ಆ ಸಣ್ಣ ಕಾರ್ಖಾನೆಯಲ್ಲಿ, ದಿನವಿಡೀ ತಮಿಳು. ಮೆಟ್ಟೂರಿನ ಕಡೆ ಇದ್ದ ಅವ್ವ ತೀರಿಹೋದ ಮೇಲೆ ಅವನ ಕನ್ನಡಕ್ಕೆ ಕಿವಿ ಕೊಡುವವರು ಬೇರೆ ಯಾರೂ ಇರಲಿಲ್ಲ. ವರ್ಷವೆಲ್ಲ ಮಾತು ಕೂಡಿಟ್ಟುಕೊಂಡು ಬರುತ್ತಿದ್ದ. ಈ ಸಲ ಒಂದು ಪ್ರಶ್ನೆಯೂ ಇತ್ತು. ಮಳೆ ಬಿಸಿಲು ಕೂಡಿದಾಗ ಆಕಾಶದಲ್ಲಿ ಏಳು ಬಣ್ಣವಾಗಿ ಬಾಗುವ ವಾನವಿಲ್ಲಿಗೆ ಅವ್ವ ಕನ್ನಡದಲ್ಲಿ ಏನನ್ನುತ್ತಿದ್ದಳು ಎಂಬುದು ಎಷ್ಟು ತಡಕಿದರೂ ನೆನಪಿಗೆ ಬಂದಿರಲಿಲ್ಲ. ಅದೊಂದಕ್ಕೆ ಫೋನ್ ಮಾಡಲು ಸಂಕೋಚವಾಗಿತ್ತು.

ಗೋವಿಂದಮ್ಮನ ಮನೆಯ ಮುಂದೆ ಇಟ್ಟಿಗೆ ರಾಶಿ ಬಿದ್ದಿತ್ತು. ಮೇಲಿನಿಂದ ಗಾರೆ ಕೆಲಸದವರ ಕೂಗು ಕೇಳುತ್ತಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬನ್ನಿ ಅಣ್ಣಾ. ಕೂತ್ಕಳಾಕೂ ಜಾಗ ಇಲ್ಲ ನೋಡಿ. ಸಂಕ್ರಾಂತಿ ಕಳುದು ತೈ ತಿಂಗಳಲ್ಲಿ ನಮ್ಮುಡ್ಗ ರಾಮುಗೆ ಕಲ್ಯಾಣ. ಅದುಕ್ಕೆ ಮ್ಯಾಲೆ ಒಂದು ರೂಮ್ ಕಟ್ಟುಸ್ತಾ ಇದೀವಿ."

"ಒಳ್ಳೇದಾಯ್ತು ಬುಡಮ್ಮಾ. ಹುಡ್ಗಿ ಯಾವೂರು?"

"ಪೆನ್ನಾಗರಮ್. ಇರಿ, ಬಂದೆ." ಒಳಗೆ ಹೋದವಳು ತನ್ನ ಕುಂಡ ತಂದು ಅವನ ಕೈಗಿಟ್ಟಳು. ಹೂವು ಆಗಲೇ ಅರ್ಧ ಬಿರಿದಿತ್ತು. "ಇದ್ನೂ ನೀವೇ ಮಡಿಕ್ಕಳಿ. ರೂಮ್ ಎದ್ದ ಮ್ಯಾಲೆ ನಮ್ಮಲ್ಲಿ ಬಿಸ್ಲು ಎಲ್ಲೈತೆ? ಸತ್ತೋಯ್ತದೆ ಪಾಪ."

ತಿಮ್ಮರಾಜು ಅದನ್ನು ಮತ್ತೆ ಅವಳತ್ತಲೇ ಚಾಚಿದ. "ನಂದೂ ಸಣ್ಣ ಜಾಗ ಕಣಮ್ಮಾ. ಅಲ್ಲೂ ಬಿಸ್ಲು ಸಾಲ್ದು" ಎಂದ.

"ಓದ್ ವರ್ಸ ನೀವೇ ಅಂದ್ರಲ್ಲ, ಬೆಳಗಿಂದ ಸಂಜೆಗಂಟ ಬಿಸ್ಲು ಅಂತ?" ಅವಳು ನಕ್ಕಳು. ಆ ನಗುವಿನಲ್ಲಿ ಕಪಟವೇನೂ ಇರಲಿಲ್ಲ. "ಎರಡೂ ಒಂದೇ ಕಡೆ ಇರ್ಲಿ ಅಣ್ಣಾ. ಪ್ರತಿ ವರ್ಸ ಅಷ್ಟು ದೂರದಿಂದ ಕುಂಡ ಹೊತ್ಕೊಂಡು ಬರ್ತೀರ, ನೋಡಕ್ಕೇ ಒಂಥರಾ ಆಯ್ತದೆ. ಇನ್ಮ್ಯಾಲೆ ನಿಮ್ಗೆ ಆ ಅಲೆದಾಟ ತಪ್ತು."

"ಅಲೆದಾಟ ಏನಿಲ್ಲಮ್ಮಾ" ಎಂದ ಅವನು. ಅಷ್ಟರಲ್ಲಿ ಮೇಲಿನಿಂದ ಮೇಸ್ತ್ರಿ ಸಿಮೆಂಟ್ ಕೇಳಿದ. ಅವಳು ಅತ್ತ ತಿರುಗಿ ತಮಿಳಿನಲ್ಲಿ ಉತ್ತರ ಕೊಟ್ಟು, ಮತ್ತೆ ಇವನ ಕಡೆ ನೋಡಿ, "ಕಾಫಿ ಕೂಡಾ ಕೊಡಾಕಾಗ್ಲಿಲ್ಲ. ಕಲ್ಯಾಣ ಪತ್ರಿಕೆ ವಾಟ್ಸಾಪಲ್ಲಿ ಕಳುಸ್ತೀನಿ. ಬರ್ಲೇಬೇಕು" ಎಂದಳು.

"ಬತ್ತೀನಿ."

ಸೇಲಂ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡು ಕುಂಡಗಳನ್ನೂ ತೊಡೆಯ ಮೇಲಿಟ್ಟುಕೊಂಡ. ತೊಪ್ಪೂರು ಘಾಟಿಯ ತಿರುವುಗಳಲ್ಲಿ ಓರೆ ಬಿಸಿಲು ಬಿದ್ದು ಎರಡು ಹೂವೂ ಪೂರ್ತಿ ಅರಳಿದವು, ಹಳದಿಯಾಗಿ, ಒಂದರ ಪಕ್ಕ ಒಂದು. ಪಕ್ಕದಲ್ಲಿದ್ದವನು ಬಗ್ಗಿ ನೋಡಿ, ಇದು ನಿಜವಾದ ಹೂವೇ ಎಂದು ತಮಿಳಿನಲ್ಲಿ ಕೇಳಿದ. ನಿಜವಾದದ್ದೇ ಎಂದು ತಿಮ್ಮರಾಜು ತಮಿಳಿನಲ್ಲೇ ಹೇಳಿದ. ಕುಂಚ ಜೇಬಿನಲ್ಲಿತ್ತು. ತೆಗೆಯಲು ಮನಸ್ಸಾಗಲಿಲ್ಲ.

ಮನೆ ಮುಟ್ಟುವಾಗ ಬಿಸಿಲು ಇಳಿದು ಹೂಗಳು ಮುಚ್ಚಿಕೊಂಡಿದ್ದವು. ಮೆಟ್ಟಿಲು ಹತ್ತಿ ತಾರಸಿಗೆ ಬಂದು ತನ್ನ ಕುಂಡವನ್ನು ಎಂದಿನ ಗೋಡೆಯ ಮೇಲಿಟ್ಟ. ಗೋವಿಂದಮ್ಮನ ಕುಂಡವನ್ನೂ ಅದರ ಪಕ್ಕದಲ್ಲೇ ಇಟ್ಟು, ತುಸು ಹೊತ್ತು ನೋಡುತ್ತ ನಿಂತ. ಆಮೇಲೆ ಅದನ್ನು ಎತ್ತಿಕೊಂಡು, ನೀರಿನ ಟ್ಯಾಂಕು ಬಳಸಿ, ಬಟ್ಟೆ ಒಣಗಿಸುವ ಹಗ್ಗದಡಿ ಬಗ್ಗಿ, ತಾರಸಿಯ ಆಚೆ ತುದಿಗೆ ಒಯ್ದು ಇಟ್ಟ. ನಾಳೆ ಮಧ್ಯಾಹ್ನ ಕುಂಚ ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗಲು ಅಷ್ಟಾದರೂ ದಾರಿ ಇರಲಿ ಎಂದು.