ಪೇದೆಗೆ ತಂದ ಊಟ

“ಗಂಡ ಕೊಲೆ ಕೇಸಲ್ಲಿ ಒಳಗೆ ಕೊಳೀತಿದ್ರೆ, ಇವಳು ಹೊರಗೆ ಪೇದೆಗೆ ಊಟ ಬಡಿಸ್ತಾಳಲ್ಲ!”

ಕಿಟಕಿಯಲ್ಲಿ ನಿಂತ ಜೈಲರ್‌ಗೆ ಮೈ ಉರಿದುಹೋಯಿತು. ಹಾಡಹಗಲು, ಜೈಲಿನ ಬಾಗಿಲ ಬೆಂಚಿನ ಮೇಲೆ, ಆ ಹೆಂಗಸು ಡಬ್ಬಿ ಬಿಚ್ಚಿಕೊಡುತ್ತಿದ್ದಳು. ಪೇದೆಯೋ, ವರ್ಷಗಟ್ಟಲೆ ಮನೆ ಊಟ ಕಾಣದವನ ಹಾಗೆ ಬಾಚಿ ಬಾಚಿ ತಿನ್ನುತ್ತಿದ್ದ. ಹೊಸ ಪೇದೆ ವರ್ಗವಾಗಿ ಬಂದದ್ದೂ, ಕೈದಿಯನ್ನು ದೂರದ ಜೈಲಿನಿಂದ ಕರೆತಂದದ್ದೂ ಮೊನ್ನೆ ಮೊನ್ನೆ, ಮೇಲ್ಮನವಿಯ ವಿಚಾರಣೆಯ ದಿನವೇ. ಅಷ್ಟರಲ್ಲೇ ಇಷ್ಟು ಸಲಿಗೆಯೇ?

ವಿಚಾರಣೆಯಾದರೂ ಎಂಥದ್ದು! ಗಡಿಯಾರದಂಗಡಿಯವನ ಕೊಲೆಗೆ ಇದ್ದದ್ದು ಒಂದೇ ಸಾಕ್ಷಿ, ಎದುರಂಗಡಿಯ ದರ್ಜಿ. ಅವನ ಮಾತು ನಂಬಿ ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತ್ತು. ಓಡಿಹೋದವನ ಮುಖ ನೋಡಿದೆಯಾ ಎಂದು ಕೈದಿಯ ವಕೀಲರು ಕೇಳಿದರೆ, “ಮುಖ ಯಾಕೆ ಸ್ವಾಮಿ? ಕೋಟು ನೋಡಿದ್ನಲ್ಲ!” ಎಂದ ಪುಣ್ಯಾತ್ಮ. ವಕೀಲರು ಬಿಡುತ್ತಾರೆಯೇ? ನ್ಯಾಯಾಧೀಶರ ಒಪ್ಪಿಗೆ ಪಡೆದು, ಒಂದೇ ಮೈಕಟ್ಟಿನ ಕೈದಿಗೂ ಪೇದೆಗೂ ಪಕ್ಕದ ಕೋಣೆಯಲ್ಲಿ ಬಟ್ಟೆ ಅದಲುಬದಲು ಮಾಡಿಸಿ ತಂದು ನಿಲ್ಲಿಸಿದರು. ದರ್ಜಿ ಹಿಂದೆಮುಂದೆ ನೋಡದೆ ಕೈದಿಯ ಅಂಗಿಯತ್ತ ಬೆರಳು ಮಾಡಿದ. “ಇವನೇ ಕೊಲೆಗಾರ!” ಕೋರ್ಟಿಗೆ ಕೋರ್ಟೇ ಬಿದ್ದು ಬಿದ್ದು ನಕ್ಕಿತು. ಊಟದ ಹೊತ್ತು ಮೀರಿತ್ತು. ತೀರ್ಪು ಹತ್ತು ದಿನಕ್ಕೆ ಎಂದು ನ್ಯಾಯಾಧೀಶರು ಎದ್ದರು. ಉಳಿದವರೂ ಗಡಿಬಿಡಿಯಲ್ಲಿ ಹೊರಟರು.

ಅಂದಿನಿಂದ ಕೈದಿಯದು ಒಂದೇ ಗೋಳು. “ನಾನವನಲ್ಲ ಸಾರ್, ಸತ್ಯವಾಗ್ಲೂ ನಾನವನಲ್ಲ!”

“ಇಲ್ಲಿರೋರೆಲ್ಲ ಹೇಳೋದು ಅದೇ ಕಣಯ್ಯ. ಸುಮ್ನೆ ಬಿದ್ಕೊ,” ಎಂದು ಜೈಲರ್ ಗದರಿದರು. ಆದರೂ ಅವರಿಗೆ ಒಳಗೊಳಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು. ಆ ಮಹಾತಾಯಿ ಒಂದು ಸಲವಾದರೂ ಒಳಗೆ ಬಂದು ಅವನ ಮುಖ ನೋಡಿರಲಿಲ್ಲ.

ಒಂಬತ್ತನೇ ದಿನ ಜೈಲರ್ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟರು.

“ಬನ್ನಿ, ಎಲ್ಲಾದ್ರೂ ಹೋಗಿಬಿಡೋಣ. ನಂಗೆ ಜೀವ ಹೋಗೋ ಹಾಗಾಗ್ತಿದೆ,” ಅವಳು ಅಳುತ್ತಿದ್ದಳು.

“ಓಡಿಹೋದ್ರೆ ಬದುಕಿಡೀ ಕದ್ದುಮುಚ್ಚಿ ಇರ್ಬೇಕು ಕಣೇ. ನಾಳೆ ತೀರ್ಪು ಬಂದುಬಿಡ್ಲಿ. ತಲೆಯೆತ್ಕೊಂಡು ಒಟ್ಟಿಗೆ ಮನೆಗೆ ಹೋಗೋಣ,” ಎಂದ ಪೇದೆ.

ಕಣೇ ಅಂತೆ, ಕಣೇ! ಜೈಲರ್ ಹಲ್ಲು ಕಡಿದರು. ದೇವರೇ, ಆ ಬಡಪಾಯಿಗೆ ಬಿಡುಗಡೆಯಾಗಲಿ, ಇವರಿಬ್ಬರ ಬಣ್ಣ ಬಯಲಾಗಲಿ ಎಂದು ಕೈಮುಗಿದರು. ಮರುದಿನ ರಜೆ ಹಾಕಿ, ತಮಾಷೆ ನೋಡಲು ತಾವೇ ಕೋರ್ಟಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ನ್ಯಾಯಾಧೀಶರು ಕನ್ನಡಕ ಏರಿಸಿ ಓದಿದರು. “ಮನುಷ್ಯನನ್ನು ಬಿಟ್ಟು ಬಟ್ಟೆ ನೋಡುವವನ ಸಾಕ್ಷ್ಯವನ್ನು, ಕಣ್ಣಿದ್ದವರು ಯಾರೂ ನಂಬಲಾರರು. ಶಿಕ್ಷೆ ರದ್ದು. ಪೇದೆ, ಕೋಳ ಬಿಚ್ಚಿ.”

ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು. ಏನು ನಾಟಕ! ಪೇದೆ ಕೀಲಿಕೈ ಎರಡು ಸಲ ಕೆಳಗೆ ಬೀಳಿಸಿ, ಕೊನೆಗೂ ಕೋಳ ಬಿಚ್ಚಿದ. ಜೈಲರ್‌ಗೆ ಇನ್ನು ತಡೆಯಲಾಗಲಿಲ್ಲ.

“ಇನ್ನೂ ಯಾಕೆ ಸುಮ್ನಿದ್ದೀಯ? ಕೊರಳಪಟ್ಟಿ ಹಿಡಿದು ಕೇಳಯ್ಯ ಅವನನ್ನ!” ಎಂದು ಕೂಗಿಯೇಬಿಟ್ಟರು.

ಕೈದಿ ನಿಜಕ್ಕೂ ಪೇದೆಯ ಕೊರಳಪಟ್ಟಿಗೆ ಕೈಹಾಕಿದ.

“ಬಿಡುಗಡೆ ನಿಂಗಾಯ್ತಲ್ಲ, ಇನ್ನಾದ್ರೂ ನನ್ನ ಯೂನಿಫಾರ್ಮ್ ಬಿಚ್ಕೊಡಯ್ಯ!”