ನೀಲಿ ಗಾಡಿಯ ಹಗಲುಗಳ್ಳ

ಬೆಳಗ್ಗೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಮೀಟರು ನಾನೂರ ಆರು ತೋರಿಸಿತ್ತು. ಸಂಜೆ ಐದಕ್ಕೆ ನಾನೂರ ಇಪ್ಪತ್ತನಾಲ್ಕು. ನಿಂತ ಗಾಡಿ ಹದಿನೆಂಟು ಕಿಲೋಮೀಟರು ಓಡಿತ್ತು.

ಚೀಟಿ ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಕಣ್ಣಿನ ದೋಷವಲ್ಲ. ಯಾರೋ ಹಾಡಹಗಲೇ ಸವಾರಿ ಮಾಡುತ್ತಿದ್ದಾರೆ.

ಸಾಹೇಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞರು. ರಕ್ತದ ಪ್ರತಿ ಸೀಸೆಗೂ ಚೀಟಿ ಅಂಟಿಸಿ, ಮೂರು ಸಲ ಓದಿ, ಆಮೇಲೆಯೇ ಕೆಳಗಿಡುವವರು. ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋದದ್ದಿಲ್ಲ. ಅಡ್ಡಹೆಸರು ಬಂದದ್ದು ಹಾಗೆ. ಅವರ ಊಟದ ಡಬ್ಬಿ, ಕೊಡೆ, ಕುರ್ಚಿಗಳಿಗೂ ಚೀಟಿ ಇತ್ತು. ಬಣ್ಣ ಹಾಳಾದೀತೆಂದು ಗಾಡಿಗೆ ಮಾತ್ರ ಅಂಟಿಸಿರಲಿಲ್ಲ.

ಅದು ನಂಬರ್ ಪ್ಲೇಟಿನ ರಗಳೆಯಿಲ್ಲದ ಸಣ್ಣ ಎಲೆಕ್ಟ್ರಿಕ್ ಬೈಕು. ನಾಲ್ಕು ಅಂಕಿ ಒತ್ತಿದರೆ ಬೀಗ ಬಿಚ್ಚುತ್ತದೆ. ಆರು ತಿಂಗಳು ಯೋಚಿಸಿ ತರಿಸಿದ್ದು. ‘ನೀಲಿ ಬಣ್ಣದ ಗಾಡಿಯನ್ನು ಆಸ್ಪತ್ರೆಯ ಸ್ಟ್ಯಾಂಡಿಗೇ ತಲುಪಿಸಲಾಗುವುದು. ನಾಲ್ಕು ಸಲ ಸೊನ್ನೆ ಒತ್ತಿ’ ಎಂದು ಅಂಗಡಿಯಿಂದ ಸಂದೇಶ ಬಂದಿತ್ತು. ಅಂದು ಸಂಜೆಯೇ ಸಾಹೇಬರು ಸ್ಟ್ಯಾಂಡಿಗೆ ಹೋದರು. ನೀಲಿ ಗಾಡಿ. ನಾಲ್ಕು ಸೊನ್ನೆ. ಟಕ್ ಎಂದಿತು. ಬಸ್ಸಿನ ನೂಕುನುಗ್ಗಲಿಲ್ಲದೆ, ಏಳು ಕಿಲೋಮೀಟರು ದೂರದ ಮನೆಯ ಮುಂದೆ ಮದುಮಗನ ಹಾಗೆ ಬಂದಿಳಿದರು.

ಹೆಂಡತಿ ಗಾಡಿಯ ಸುತ್ತ ಒಂದು ಸುತ್ತು ಬಂದಳು. “ಹೊಸದು ಅಂದ್ರಿ. ಸೀಟು ಆಗಲೇ ಪಳಗಿದ ಹಾಗಿದೆಯಲ್ಲ ರೀ.”

“ಪರೀಕ್ಷೆ ಮಾಡೋಕೆ ಓಡಿಸಿರ್ತಾರೆ.”

ಕನ್ನಡಿಯನ್ನು ಯಾರೋ ಗಿಡ್ಡ ಆಳಿಗೆ ಹೊಂದಿಸಿದಂತಿತ್ತು. ಸಾಹೇಬರು ತಮ್ಮ ಎತ್ತರಕ್ಕೆ ತಿರುಗಿಸಿಕೊಂಡರು. ಮರುದಿನ ಸಂಜೆ ನೋಡಿದರೆ ಕನ್ನಡಿ ಮತ್ತೆ ಮೊದಲಿನ ಹಾಗೆಯೇ ಬಗ್ಗಿತ್ತು. ಅಂದೇ ಅನುಮಾನದ ಹುಳು ಹೊಕ್ಕಿತು. ಮೀಟರು ಈಗ ಅದಕ್ಕೆ ಸಾಕ್ಷಿ ಹೇಳಿತು.

ಗುಟ್ಟಿನ ಅಂಕಿ ಬದಲಿಸಲು ಹೋದರೆ ಗಾಡಿ ಒಪ್ಪಲಿಲ್ಲ. ಮಾಲೀಕರ ಫೋನಿಗೆ ಸಂದೇಶ ಕಳಿಸಿದ್ದೇನೆ ಎಂದಿತು. ಸಾಹೇಬರ ಫೋನಿಗೆ ಏನೂ ಬರಲಿಲ್ಲ. ಅಂಗಡಿಗೆ ಫೋನು ಮಾಡಿ, “ನನ್ನ ನೀಲಿ ಗಾಡಿ ವಿಷಯ...” ಎನ್ನುವಷ್ಟರಲ್ಲೇ ಆ ಕಡೆಯವನು, “ನಿಮ್ಮ ತೊಂದರೆ ಅರ್ಥ ಆಗುತ್ತೆ ಸಾರ್. ಸ್ವಲ್ಪ ತಡ್ಕೊಳ್ಳಿ, ನೋಡ್ತಿದ್ದೀವಿ,” ಎಂದು ಇಟ್ಟುಬಿಟ್ಟ.

ಸಾಹೇಬರು ತಮಗೆ ಗೊತ್ತಿದ್ದ ಅಸ್ತ್ರವನ್ನೇ ತೆಗೆದರು. ಸೀಟಿಗೆ ಒಂದು ಚೀಟಿ ಸಿಕ್ಕಿಸಿದರು: ‘ಪರರ ಸೊತ್ತನ್ನು ಕೇಳದೆ ಮುಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ.’

ಸಂಜೆ ಅದರ ಕೆಳಗೇ ದುಂಡನೆಯ ಅಕ್ಷರ: ‘ನಾನೂ ಇದನ್ನೇ ಬರೆಯಬೇಕೆಂದಿದ್ದೆ. ನೀವು ಚೆನ್ನಾಗಿ ಬರೆದಿದ್ದೀರಿ.’

ಸಾಹೇಬರಿಗೆ ಮೈಯೆಲ್ಲ ಉರಿಯಿತು. ಮರುದಿನದ ಚೀಟಿ ಖಾರವಾಗಿತ್ತು: ‘ಮನೆಯಲ್ಲಿ ಚಾರ್ಜು ಮಾಡುವುದು ಒಬ್ಬರು, ಊರು ಸುತ್ತುವುದು ಇನ್ನೊಬ್ಬರೇ?’

ಉತ್ತರ ಅಷ್ಟೇ ತಣ್ಣಗಿತ್ತು: ‘ಆ ಉಪಕಾರ ಮರೆಯುವುದಿಲ್ಲ. ಹಿಂದಿನ ಬ್ರೇಕು ಕಿರುಗುಡುತ್ತಿದೆ, ಸ್ವಲ್ಪ ನೋಡಿ.’

ಕಳ್ಳನ ಮೇಲಿನ ಸಿಟ್ಟಿಗೆ ಬ್ರೇಕು ಏನು ಮಾಡೀತು? ಭಾನುವಾರ ಸಾಹೇಬರು ಅಂಗಳದಲ್ಲಿ ಕೂತು, ಬೈಯುತ್ತಲೇ ಬ್ರೇಕು ಬಿಚ್ಚಿ, ಒರೆಸಿ, ಬಿಗಿಮಾಡಿದರು.

“ಕಳ್ಳ ಹೇಳಿದ್ದಕ್ಕೆ ರಿಪೇರಿ ಮಾಡೋ ಮಾಲೀಕರು ಲೋಕದಲ್ಲಿ ನೀವೊಬ್ಬರೇ ಇರಬೇಕು,” ಎಂದಳು ಹೆಂಡತಿ.

ಆ ಮಾತು ನಾಟಿತು. ಸೋಮವಾರ ಸಾಹೇಬರು ಒಂದು ಗಂಟೆ ಮೊದಲೇ ಕೆಲಸ ಮುಗಿಸಿ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತರು. ಸಾಕ್ಷಿಗೆಂದು ಪ್ರಯೋಗಾಲಯದ ಮೂವರು ಬಂದರು. ತಮಾಷೆ ನೋಡಲು ಔಷಧ ವಿಭಾಗದ ಅರ್ಧ ಜನ ಕರೆಯದೆಯೇ ಬಂದರು.

ನಾಲ್ಕೂವರೆಗೆ ನೀಲಿ ಗಾಡಿ ಸದ್ದಿಲ್ಲದೆ ಒಳಗೆ ತೇಲಿ ಬಂತು. ಇಳಿದವಳು ಗಿಡ್ಡನೆಯ ನರ್ಸು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯಕ್ಕೆ ಪಟ್ಟಿ ಕಟ್ಟುವವಳು. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲೇ ವಾಸ. ಭುಜದ ಚೀಲದಿಂದ ಬಟ್ಟೆಪಟ್ಟಿಯ ತುದಿ ಇಣುಕುತ್ತಿತ್ತು.

ಸಾಹೇಬರ ಕೋಪ ಒಂದು ಗಳಿಗೆ ತಡವರಿಸಿತು. ಆದರೆ ಇಷ್ಟು ಜನರ ಮುಂದೆ ಹಿಂದೆ ಸರಿಯುವುದು ಹೇಗೆ? ಮುಂದೆ ನುಗ್ಗಿ ಹ್ಯಾಂಡಲ್ ಹಿಡಿದರು.

ನರ್ಸು ಬೆದರಲಿಲ್ಲ. ಅವರ ಮುಖ ನೋಡಿ, ಕಿಸೆಗೆ ಅಂಟಿಸಿದ್ದ ಚೀಟಿ ನೋಡಿ ನಕ್ಕಳು. “ಓ, ನೀವೇನಾ? ಎಷ್ಟು ದಿನದಿಂದ ನೋಡಬೇಕು ಅಂತಿದ್ದೆ. ಬ್ರೇಕು ಈಗ ಚೆನ್ನಾಗಿದೆ ಅಣ್ಣ.”

“ಇಷ್ಟು ಓದಿದೋಳು. ನಾಚಿಕೆ ಆಗಲ್ವೇನಮ್ಮಾ?”

“ನನಗ್ಯಾಕೆ?” ಅವಳು ದನಿ ತಗ್ಗಿಸಿದಳು. “ನಾನು ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ. ನಮ್ಮಿಬ್ಬರಲ್ಲೇ ಇದ್ದುಬಿಡಲಿ, ಇವರನ್ನೆಲ್ಲ ಕಳಿಸಿ.”

“ಮುಚ್ಚಿಡೋ ಅಭ್ಯಾಸ ನನಗಿಲ್ಲ. ಎಲ್ಲರೂ ಕೇಳಲಿ.”

“ಬೇಡ ಅಣ್ಣ,” ಎಂದಳು ಆಕೆ. ದನಿಯಲ್ಲಿ ನಿಜವಾದ ಕನಿಕರವಿತ್ತು.

ಆ ಕನಿಕರವೇ ಸಾಹೇಬರನ್ನು ಕೆಣಕಿತು. ಫೋನು ತೆಗೆದು ಅಂಗಡಿಯ ನಂಬರು ಒತ್ತಿದರು. ಸ್ಪೀಕರು ಹಾಕಿ, ಎಲ್ಲರಿಗೂ ಕೇಳುವಂತೆ ತಲೆಯ ಮೇಲೆತ್ತಿ ಹಿಡಿದರು.

“ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ನನ್ನ ನೀಲಿ ಗಾಡಿ ಯಾರ ಕೈಲಿದೆ ಅಂತ ಗೊತ್ತಾ ನಿಮಗೆ?”

“ಗೊತ್ತು ಸಾರ್, ಕೈ ಮುಗೀತೀನಿ, ಇನ್ನೊಂದು ವಾರ ತಡ್ಕೊಳ್ಳಿ,” ಎಂದಿತು ಫೋನು. “ನಿಮ್ಮ ಗಾಡಿ ಇನ್ನೂ ಕಾರ್ಖಾನೆಯಿಂದಲೇ ಹೊರಟಿಲ್ಲ.”